ಮಾವನವರ ನೃತ್ಯ ಕಾರ್ಯಕ್ರಮ ಪುಸ್ತಿಕೆಗಳು ಪತ್ರಾಗಾರ ಸೇರಿದ ಬಗೆ

ಇಪ್ಪತ್ತನೆಯ ಶತಮಾನದ ಬ್ಯಾಲೆ ಮತ್ತು ನೃತ್ಯ ಪ್ರದರ್ಶನಗಳ ಕಾರ್ಯಕ್ರಮ ಪುಸ್ತಿಕೆಗಳ ಒಂದು ಖಾಸಗಿ ಸಂಗ್ರಹವನ್ನು ಮುಂಬಯಿಯ ನಮ್ಮ ಮನೆಯಿಂದ ಎತ್ತಿ, ಸಂಶೋಧಕರ ಕೈಗೆ ಸಿಗುವಂತಹ ಪತ್ರಾಗಾರವೊಂದಕ್ಕೆ ಒಪ್ಪಿಸುವ ಕೆಲಸ ಕಳೆದ ತಿಂಗಳು ಮುಗಿಯಿತು. ಒಂದು ಮಳೆಗಾಲದಲ್ಲಿ ಶುರುವಾದದ್ದು ಮತ್ತೊಂದು ಮಳೆಗಾಲ ದಾಟಿ ಕೊನೆಗೊಂಡಿತು. ಈ ಅವಧಿಯಲ್ಲಿ ಯಾರನ್ನು ಕೇಳಬೇಕು, ಯಾವ ಕಾಗದ ಬೇಕು, ಯಾವುದಕ್ಕೆ ಒಪ್ಪಬಾರದು ಎಂದು ತಿಳಿಸುವ ಬರಹ ನನಗೆ ಕನ್ನಡದಲ್ಲಿ ಒಂದೂ ಸಿಗಲಿಲ್ಲ. ಮಾಟುಂಗಾ, ಸಯನ್, ಮುಲುಂಡ್, ಡೊಂಬಿವಲಿಯ ಕನ್ನಡಿಗರ ಮನೆಗಳ ಅಟ್ಟದಲ್ಲಿ ಇಂತಹ ಕಟ್ಟುಗಳು ಇನ್ನೂ ಇವೆ ಎಂಬ ನಂಬಿಕೆ ನನಗಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ಸಂಗ್ರಹ ನನ್ನ ಮಾವನವರದು. ಅವರು ಕುಂದಾಪುರದ ಕಡೆಯವರು. 1940ರ ದಶಕದ ಆರಂಭದಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಗಿರಗಾಂವದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದವರು. ನಾಟಕ ಮತ್ತು ನೃತ್ಯ ತಂಡಗಳ ಟಿಕೆಟು, ಕಾರ್ಯಕ್ರಮ ಪುಸ್ತಿಕೆಗಳ ಅಚ್ಚಿನ ಕೆಲಸ ಆ ಮುದ್ರಣಾಲಯಕ್ಕೆ ಬರುತ್ತಿತ್ತು. ತಾವು ತಿದ್ದಿದ ಪುಸ್ತಿಕೆಯ ಒಂದು ಪ್ರತಿಯನ್ನು ಇಟ್ಟುಕೊಂಡು, ಆಗಾಗ ತಂಡದವರೇ ಕೊಟ್ಟ ಪಾಸಿನಲ್ಲಿ ಪ್ರದರ್ಶನವನ್ನೂ ನೋಡಿ ಬಂದು, ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ಅವರ ರೂಢಿಯಾಗಿತ್ತು. ತಾವು ನೋಡಲಾಗದ ಹಳೆಯ ಪ್ರದರ್ಶನಗಳ ಪುಸ್ತಿಕೆಗಳನ್ನು ಫ್ಲೋರಾ ಫೌಂಟನ್ನಿನ ಫುಟ್‌ಪಾತ್ ಪುಸ್ತಕದಂಗಡಿಗಳಲ್ಲಿ ಕೊಂಡು ತರುತ್ತಿದ್ದರು. ಹೀಗೆ ಕೂಡಿದವು ಸುಮಾರು ನಾನೂರು. 1943ರಲ್ಲಿ ಈ ನಗರದಲ್ಲಿಯೇ ಹುಟ್ಟಿದ ಇಪ್ಟಾದ (ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್) ಕೇಂದ್ರ ತಂಡ, 1944ರಲ್ಲಿ ಆರಂಭವಾದ ಇಂಡಿಯನ್ ನ್ಯಾಷನಲ್ ಥಿಯೇಟರ್, 1952ರಲ್ಲಿ ಶಾಂತಿ ಬರ್ಧನ್ ಕಟ್ಟಿದ ಲಿಟ್ಲ್ ಬ್ಯಾಲೆ ಟ್ರೂಪ್, ಸಚಿನ್ ಶಂಕರ್ ಅವರ ಬ್ಯಾಲೆ ತಂಡ, ಝವೇರಿ ಸಹೋದರಿಯರ ಮಣಿಪುರಿ ನೃತ್ಯ, ಮಾಟುಂಗಾದ ಭರತನಾಟ್ಯ ಗುರುಗಳ ಶಿಷ್ಯೆಯರ ಅರಂಗೇಟ್ರಂಗಳು, ಅಂದರೆ ರಂಗಪ್ರವೇಶಗಳು, 1950ರ ದಶಕದಿಂದ ಸಾಂಸ್ಕೃತಿಕ ವಿನಿಮಯದ ಮೇಲೆ ಬಂದ ಸೋವಿಯತ್ ಮತ್ತು ಅಮೆರಿಕದ ತಂಡಗಳು, ಕಟ್ಟಕಡೆಗೆ 1984ರಲ್ಲಿ ಎನ್‌ಸಿಪಿಎಯಲ್ಲಿ (ನ್ಯಾಷನಲ್ ಸೆಂಟರ್ ಫಾರ್ ದ ಪರ್ಫಾರ್ಮಿಂಗ್ ಆರ್ಟ್ಸ್) ನಡೆದ ಪೂರ್ವ-ಪಶ್ಚಿಮ ನೃತ್ಯ ಸಮಾವೇಶ, ಎಲ್ಲವೂ ಅದರಲ್ಲಿದ್ದವು.

ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಮನೆ ಖಾಲಿ ಮಾಡುವ ಗಡುವು ಬಂದಾಗ ಎಲ್ಲ ಮನೆಗಳ ಅಟ್ಟಗಳೂ ಒಟ್ಟಿಗೆ ಬರಿದಾಗತೊಡಗಿದವು, ರದ್ದಿಯವನು ತಕ್ಕಡಿ ಸಮೇತ ಮೆಟ್ಟಿಲ ಬುಡದಲ್ಲಿಯೇ ಕುಳಿತುಬಿಟ್ಟಿದ್ದ. ನೆರೆಮನೆಯ ಹಿರಿಯರೊಬ್ಬರ ಸಂಗೀತ ಸಭೆಯ ಆಮಂತ್ರಣ ಪತ್ರಿಕೆಗಳು, ಅರ್ಧ ಶತಮಾನದವು, ಒಂದೇ ಬೆಳಗಿನಲ್ಲಿ ತೂಕಕ್ಕೆ ಹೋದದ್ದನ್ನು ಕಣ್ಣಾರೆ ಕಂಡ ಮೇಲೆ, ಮಾವನವರ ತಗಡಿನ ಟ್ರಂಕುಗಳನ್ನು ಬಾಡಿಗೆ ಮನೆಗೆ ಹೊತ್ತುಕೊಂಡು ಹೋಗುವುದೆಂದು ನಾನೂ ನನ್ನ ಯಜಮಾನರೂ ನಿರ್ಧರಿಸಿದೆವು. ಇದೇ ಪರಿಸ್ಥಿತಿಯಲ್ಲಿರುವವರಿಗೆ ಒಂದು ಮಾತು: ಗಡುವು ಬರುವ ಮೊದಲು ಸಂಗ್ರಹವನ್ನು ಯಾರಿಗಾದರೂ ದಾಟಿಸಿಬಿಡಬಹುದು ಎಂದು ಎಣಿಸಬೇಡಿ. ಯಾವ ಸಂಸ್ಥೆಯೂ ಅಷ್ಟು ಬೇಗ ಉತ್ತರ ಕೊಡುವುದಿಲ್ಲ. ಮೊದಲು ಒಣಗಿದ, ಗೋಡೆಗೆ ತಾಗದ ಒಂದು ಜಾಗವನ್ನು ನೋಡಿಕೊಂಡು, ನೆಲದಿಂದ ಗೇಣು ಎತ್ತರದಲ್ಲಿ ಪೆಟ್ಟಿಗೆಗಳನ್ನು ಇಟ್ಟುಬಿಡಿ.

ಟ್ರಂಕು ತೆರೆದದ್ದು ಜುಲೈ ತಿಂಗಳಲ್ಲಿ. ಮುಂಬಯಿಯ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇಕಡಾ 80ನ್ನು ಮೀರುತ್ತದೆ; ಶೇಕಡಾ 65 ದಾಟಿದರೆ ಕಾಗದದ ಮೇಲೆ ಬೂಷ್ಟು ಬೆಳೆಯಲು ಅಷ್ಟೇ ಸಾಕು. ಮೇಲಿನ ಕಟ್ಟುಗಳು ಚೆನ್ನಾಗಿಯೇ ಇದ್ದವು, ತಳದವುಗಳಲ್ಲಿ ಕಂದು ಚುಕ್ಕೆಗಳೂ, ಪುಸ್ತಕದ ಹುಳು ಅಂಚು ಮೇಯ್ದ ಗುರುತುಗಳೂ ಕಾಣಿಸಿದವು. ಯುದ್ಧಕಾಲದ ಮತ್ತು ಅದರ ಮರುವರ್ಷಗಳ ಅಗ್ಗದ ಕಾಗದ ಮಡಿಸಿದಲ್ಲೆಲ್ಲ ಹಪ್ಪಳದಂತೆ ಮುರಿಯುತ್ತಿತ್ತು. ಇಂತಹ ಸ್ಥಿತಿಯಲ್ಲಿ ಕಂಡಾಗ ಕೈ ತಾನಾಗಿಯೇ ಸೆಲ್ಲೋಟೇಪಿನತ್ತ ಹೋಗುತ್ತದೆ. ದಯವಿಟ್ಟು ಹಚ್ಚಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದುಗಟ್ಟಿ ಕಾಗದದೊಳಕ್ಕೆ ಇಳಿಯುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ. ಲ್ಯಾಮಿನೇಷನ್ ಅಂತೂ ಕೂಡದೇ ಕೂಡದು. ಬಿಸಿಲಿನಲ್ಲಿ ಹರಡುವುದೂ ಬೇಡ. ಫ್ಯಾನಿನ ಗಾಳಿಯಾಡುವ ನೆರಳಿನ ಕೋಣೆ ಸಾಕು. ಡಾಂಬರು ಗುಳಿಗೆಗಳನ್ನು ಹಾಳೆಗಳ ನಡುವೆ ತುರುಕುವ ನಮ್ಮ ಮನೆಗಳ ಅಭ್ಯಾಸವನ್ನು ಪತ್ರಾಗಾರದವರು ಮೆಚ್ಚುವುದಿಲ್ಲ, ಆ ವಾಸನೆ ಕಾಗದಕ್ಕೆ ಹಿಡಿದರೆ ವರ್ಷಗಟ್ಟಲೆ ಹೋಗುವುದಿಲ್ಲ.

ಅತಿ ಹೆಚ್ಚು ಹೊತ್ತು ತಿಂದದ್ದು ಪಿನ್ನುಗಳು. ಹೆಚ್ಚಿನ ಪುಸ್ತಿಕೆಗಳನ್ನು ನಡುಮಡಿಕೆಯಲ್ಲಿ ಎರಡು ತಂತಿ ಪಿನ್ನುಗಳಿಂದ ಹೊಲಿದಿದ್ದರು, ಅವು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ಸುಟ್ಟಂತೆ ಮಾಡಿದ್ದವು. ಎಳೆದರೆ ಹಾಳೆಯೇ ಕಿತ್ತು ಬರುತ್ತದೆ. ಪುಸ್ತಿಕೆಯನ್ನು ನಡುವಿಗೆ ತೆರೆದು, ಪಿನ್ನಿನ ಮಡಿಸಿದ ಎರಡು ಕಾಲುಗಳನ್ನು ಚಪ್ಪಟೆಯಾದ ತೆಳು ಉಪಕರಣದಿಂದ ನಿಧಾನವಾಗಿ ನೆಟ್ಟಗೆ ಮಾಡಿ, ಆಮೇಲೆ ಹೊರಗಿನಿಂದ ಹಿಡಿದು ತೆಗೆಯಬೇಕು. ಮತ್ತೆ ಪಿನ್ನು ಹೊಡೆಯದೆ, ಅದೇ ತೂತುಗಳಲ್ಲಿ ಬಿಳಿ ಹತ್ತಿನೂಲನ್ನು ಸಡಿಲವಾಗಿ ಹಾಯಿಸಿದರೆ ಸಾಕು. ಹಾಳೆ ತೀರ ಮೆತುವಾಗಿದ್ದ ಪುಸ್ತಿಕೆಗಳನ್ನು ಮುಟ್ಟದೆ ಹಾಗೆಯೇ ಬಿಟ್ಟೆ. ಆ ಕೆಲಸ ಬಲ್ಲವರದು.

ಮಾಟುಂಗಾದ ಕನ್ನಡಿಗರ ಸಂಸ್ಥೆ ಮೈಸೂರು ಅಸೋಸಿಯೇಷನ್ನಿನ ಒಂದು ಕಾರ್ಯಕ್ರಮದಲ್ಲಿ ಪರಿಚಯವಾದ ನಿವೃತ್ತ ಗ್ರಂಥಪಾಲಕರೊಬ್ಬರು ಮನೆಗೆ ಬಂದು ಟ್ರಂಕುಗಳನ್ನು ನೋಡಿದ್ದು ನನ್ನ ಪುಣ್ಯ. ಅವರು ಹೇಳಿದ್ದು ಎರಡೇ ಮಾತು. “ಪಟ್ಟಿಯಿಲ್ಲದೆ ಯಾರ ಬಾಗಿಲಿಗೂ ಹೋಗಬೇಡಮ್ಮ. ಮತ್ತೆ, ನಿನ್ನ ಮಾವ ಕಟ್ಟಿಟ್ಟ ಕ್ರಮವನ್ನು ಕೆಡಿಸಬೇಡ.” ಮಾವನವರು ತಂಡದ ಪ್ರಕಾರವಾಗಲಿ ವರ್ಷದ ಪ್ರಕಾರವಾಗಲಿ ಜೋಡಿಸಿರಲಿಲ್ಲ, ರಂಗಮಂದಿರದ ಪ್ರಕಾರ ಕಟ್ಟಿದ್ದರು. ಎಕ್ಸೆಲ್ಸಿಯರ್ ಒಂದು ಕಟ್ಟು, ಪರೇಲಿನ ದಾಮೋದರ್ ಹಾಲ್ ಒಂದು ಕಟ್ಟು, ಸುಂದರಾಬಾಯಿ ಹಾಲ್, ಬಿರ್ಲಾ ಮಾತುಶ್ರೀ, ಷಣ್ಮುಖಾನಂದ ಹೀಗೆ. ನನಗೆ ಮೊದಲು ಇದು ಗೊಂದಲವೆನಿಸಿತ್ತು. ಪಟ್ಟಿ ಬೆಳೆದಂತೆ, ಒಂದು ನಗರದ ನೃತ್ಯ ಯಾವ ಬಡಾವಣೆಯಿಂದ ಯಾವ ಬಡಾವಣೆಗೆ, ಯಾವ ಬಗೆಯ ಪ್ರೇಕ್ಷಕರತ್ತ ಸರಿಯಿತು ಎಂಬುದು ಆ ಕಟ್ಟುಗಳ ಸಾಲಿನಲ್ಲಿಯೇ ಕಾಣಿಸತೊಡಗಿತು. ಸಂಗ್ರಾಹಕರು ಇಟ್ಟ ಕ್ರಮವೇ ಒಂದು ದಾಖಲೆ ಎಂಬುದು ಪತ್ರಾಗಾರದವರ ಮೂಲ ನಿಯಮಗಳಲ್ಲೊಂದು.

ಪಟ್ಟಿಯಲ್ಲಿ ನಾನು ಬರೆದುಕೊಂಡದ್ದು ಇವು: ಕಟ್ಟಿನ ಹೆಸರು ಮತ್ತು ಕ್ರಮಸಂಖ್ಯೆ, ತಂಡ, ಕೃತಿಗಳ ಹೆಸರು, ನೃತ್ಯ ಸಂಯೋಜಕರು, ಸಂಗೀತ, ಬೆಳಕು, ವೇಷಭೂಷಣ, ರಂಗಮಂದಿರ, ದಿನಾಂಕ, ಭಾಷೆ, ಪುಟಗಳು, ಅಳತೆ, ಮುದ್ರಣಾಲಯ, ಸ್ಥಿತಿ, ಅಂಚಿನ ಬರಹ ಇದೆಯೋ ಇಲ್ಲವೋ. ಪುಸ್ತಿಕೆಯ ಮೇಲೆ ಸಂಖ್ಯೆಯನ್ನು ಮೃದು ಪೆನ್ಸಿಲಿನಿಂದ, ಹಿಂಬದಿಯ ಮೂಲೆಯಲ್ಲಿ ಮಾತ್ರ ಬರೆಯಬೇಕು. ಬಾಲ್‌ಪೆನ್ನು ಆ ಕೋಣೆಗೇ ಬರಕೂಡದು.

ಈ ಪಟ್ಟಿಯಲ್ಲಿ ನನ್ನನ್ನು ಕಾಡಿದ್ದು ದಿನಾಂಕದ ಕಲಮು. ಅಂದಿನ ಪುಸ್ತಿಕೆಗಳು ಆ ಸಂಜೆಗಾಗಿ ಅಚ್ಚಾದವು. ಅವುಗಳಲ್ಲಿ ದಿನ, ವಾರ, ಗಂಟೆ ಇರುತ್ತದೆ, ಇಸವಿ ಇರುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ‘ಜನವರಿ 14, ಶುಕ್ರವಾರ, ಸಂಜೆ 6-30’ ಎಂದಷ್ಟೇ ಇದ್ದ ಎಂಟು ಪುಟಗಳ ಪುಸ್ತಿಕೆ. 1940ರಿಂದ 1975ರ ನಡುವೆ ಆ ದಿನಾಂಕ ಶುಕ್ರವಾರ ಬಂದದ್ದು 1944, 1949, 1955, 1966 ಮತ್ತು 1972ರಲ್ಲಿ. ಟಿಕೆಟಿನ ದರ ರೂಪಾಯಿ-ಆಣೆಯಲ್ಲಿತ್ತು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು, ಹಾಗಾಗಿ ಕೊನೆಯ ಎರಡು ವರ್ಷಗಳು ಬಿಟ್ಟುಹೋದವು. ಮುನ್ನುಡಿಯಲ್ಲಿ ನಮ್ಮ ಗಣರಾಜ್ಯ ಎಂಬ ಮಾತಿತ್ತು, ಗಣರಾಜ್ಯವಾದದ್ದು 1950ರಲ್ಲಿ. ಉಳಿದದ್ದು 1955. ಇದೇ ಬಗೆಯ ಗುರುತುಗಳು ಹಲವು. ದರ ‘ನಯೇ ಪೈಸೆ’ಯಲ್ಲಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಮಾಟುಂಗಾದ ಹಳೆಯ ಅಂಚೆ ವಲಯವಾದ ‘ಬಾಂಬೆ 19’ ಎಂದಿದ್ದರೆ 1972ರ ಆಗಸ್ಟಿನಲ್ಲಿ ಪಿನ್‌ಕೋಡ್ ಬರುವುದಕ್ಕೆ ಮುಂಚಿನದಾಗಿರುವ ಸಂಭವ ಹೆಚ್ಚು, ‘400 019’ ಎಂದಿದ್ದರೆ ಖಂಡಿತ ಅನಂತರದ್ದು. ‘ಬಾಂಬೆ ಸ್ಟೇಟ್’ ಇದ್ದರೆ 1960ರ ಮೇ 1ಕ್ಕಿಂತ ಹಿಂದಿನದು. ಕಲಾವಿದರ ಊರನ್ನು ‘ಮೈಸೂರು ರಾಜ್ಯ’ ಎಂದು ಬರೆದಿದ್ದರೆ 1973ರ ನವೆಂಬರಿಗಿಂತ ಮುಂಚಿನದು. ಷಣ್ಮುಖಾನಂದ ಸಭಾಂಗಣದ್ದಾದರೆ 1963ರಿಂದ ಈಚಿನದು, ಟಾಟಾ ಥಿಯೇಟರಿನದಾದರೆ 1980ರಿಂದ ಈಚಿನದು. ಸಾಬೂನು, ರೇಡಿಯೋ, ವಿಮಾನ ಕಂಪನಿಗಳ ಜಾಹೀರಾತುಗಳನ್ನು ನಿರ್ಲಕ್ಷಿಸಬೇಡಿ. ಇಸವಿ ಅಲ್ಲಿಂದ ಸಿಗುವುದುಂಟು. ಹೀಗೆ ಊಹಿಸಿದ ಇಸವಿಯನ್ನು ಪಟ್ಟಿಯಲ್ಲಿ ಚೌಕ ಆವರಣದಲ್ಲಿಟ್ಟು, ಊಹೆಗೆ ಆಧಾರವೇನೆಂದು ಪಕ್ಕದಲ್ಲಿ ಬರೆಯಬೇಕು. ಮುಂದೆ ಪತ್ರಾಗಾರದವರು ನನ್ನ ಪಟ್ಟಿಯಲ್ಲಿ ಬಹಳವಾಗಿ ಮೆಚ್ಚಿದ್ದು ಈ ಒಂದು ಕಲಮನ್ನು.

ಪಟ್ಟಿ ಮಾಡುತ್ತಾ ಹೋದಂತೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. ಸಂಗೀತಕ್ಕೆ ಧ್ವನಿಮುದ್ರಿಕೆಯಿದೆ, ನಾಟಕಕ್ಕೆ ಪಠ್ಯವಿದೆ. 1940, 50ರ ದಶಕಗಳ ನಮ್ಮ ಬ್ಯಾಲೆಗಳಿಗೆ ಚಲನಚಿತ್ರದ ದಾಖಲೆ ಅತ್ಯಂತ ವಿರಳ. ಉದಯ ಶಂಕರ್ 1948ರಲ್ಲಿ ‘ಕಲ್ಪನಾ’ ಚಿತ್ರವನ್ನು ಮಾಡಿ ತಮ್ಮ ನೃತ್ಯವನ್ನು ಉಳಿಸಿಹೋದರು. ಬೇರೆಯವರಿಗೆ ಆ ಭಾಗ್ಯ ಇರಲಿಲ್ಲ. ಯಾರು ಕುಣಿದರು, ಯಾರು ಮದ್ದಳೆ ನುಡಿಸಿದರು, ಯಾರು ಬಟ್ಟೆ ಹೊಲಿದರು ಎಂಬುದು ಕಾರ್ಯಕ್ರಮ ಪುಸ್ತಿಕೆಯ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಮಾತ್ರ ಉಳಿದಿದೆ. ಆ ಸಣ್ಣ ಅಕ್ಷರಗಳ ಹೆಸರುಗಳೇ ಮುಂದೆ ದೊಡ್ಡವಾದದ್ದೂ ಉಂಟು. ಅಣ್ಣ ಉದಯ ಶಂಕರ್ ತಂಡದಲ್ಲಿ ಹುಡುಗನಾಗಿ ಕುಣಿಯುತ್ತಿದ್ದ ಸಿತಾರ್ ವಾದಕ ರವಿಶಂಕರ್ ಮುಂದೆ ಇಪ್ಟಾದ ‘ಇಂಡಿಯಾ ಇಮ್ಮಾರ್ಟಲ್’ ಬ್ಯಾಲೆಗೆ ಸಂಗೀತ ಕೊಟ್ಟರು. ಅಲ್ಮೋರಾದ ಉದಯ ಶಂಕರ್ ಕೇಂದ್ರದಿಂದ ಶಾಂತಿ ಬರ್ಧನ್, ಸಚಿನ್ ಶಂಕರ್, ಜೊಹ್ರಾ ಸೆಹಗಲ್ ಬಂದರು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಪಡುಕೋಣೆ ಎಂಬ ಹುಡುಗನೂ ಅಲ್ಲಿ ಕಲಿತು ಮುಂಬಯಿಯ ಚಿತ್ರರಂಗಕ್ಕೆ ಬಂದ.

ಎರಡು ಪುಸ್ತಿಕೆಗಳನ್ನು ವಿಶೇಷವಾಗಿ ಹೇಳಬೇಕು. ಒಂದು, ಲಂಡನ್ನಿನಲ್ಲಿ ಅಚ್ಚಾದ ರಾಮ್ ಗೋಪಾಲ್ ತಂಡದ್ದು. ಮಾವನವರು ಫುಟ್‌ಪಾತಿನಲ್ಲಿ ಕೊಂಡದ್ದು. ಬೆಂಗಳೂರಿನಲ್ಲಿ ಹುಟ್ಟಿ, ಕುಂಜು ಕುರುಪರಲ್ಲಿ ಕಥಕಳಿಯನ್ನೂ ಮೀನಾಕ್ಷಿಸುಂದರಂ ಪಿಳ್ಳೈಯವರಲ್ಲಿ ಭರತನಾಟ್ಯವನ್ನೂ ಕಲಿತು, 1939ರಲ್ಲಿ ಲಂಡನ್ನಿನ ಆಲ್ಡ್ವಿಚ್ ಥಿಯೇಟರಿನಲ್ಲಿ ಹೆಸರು ಮಾಡಿದ ಈ ಕಲಾವಿದರ ಬಗ್ಗೆ ನಮ್ಮಲ್ಲಿ ಮಾತು ತೀರ ಕಡಿಮೆ ಎಂಬುದು ನನ್ನ ಬೇಸರ. ಇನ್ನೊಂದು, ಲಿಟ್ಲ್ ಬ್ಯಾಲೆ ಟ್ರೂಪಿನ ‘ರಾಮಾಯಣ’ದ್ದು. ಈ ಬ್ಯಾಲೆಯಲ್ಲಿ ನರ್ತಕರು ಮುಖವಾಡ ತೊಟ್ಟು ಸೂತ್ರದ ಗೊಂಬೆಗಳಂತೆ ಚಲಿಸುತ್ತಾರೆ. ಪುಸ್ತಿಕೆಯ ಮೂರನೆಯ ಪುಟದ ಎಡ ಅಂಚಿನಲ್ಲಿ ಮಾವನವರ ಪೆನ್ಸಿಲ್ ಬರಹ, ಅಚ್ಚಿನ ಸಾಲಿಗೆ ತಾಗದಂತೆ, ಇರುವೆಸಾಲಿನಷ್ಟು ಸಣ್ಣಗೆ: “ಉಪ್ಪಿನಕುದ್ರಿನ ಗೊಂಬೆಯಾಟ ನೆನಪಾಯಿತು. ಮೊಣಕೈ ಮೊದಲು ಎದ್ದು ಅಂಗೈ ಆಮೇಲೆ ಬರುತ್ತದೆ. ಕತ್ತು ತಿರುಗುವಾಗ ಭುಜ ಅಲ್ಲಾಡುವುದಿಲ್ಲ. ಹಿಂದಿನ ಸಾಲಿನಲ್ಲಿ ಮಕ್ಕಳು ಎದ್ದು ನಿಂತರು.” ಅದೇ ಪುಟದಲ್ಲಿ ಒಬ್ಬ ವಾದ್ಯಗಾರರ ಹೆಸರಿನ ಕಾಗುಣಿತವನ್ನು ಕರಡು ತಿದ್ದುವ ಗುರುತಿನಿಂದ ಸರಿಪಡಿಸಿದ್ದಾರೆ, ಪ್ರದರ್ಶನ ಮುಗಿದ ಮೇಲೆ ತಿದ್ದಿ ಯಾರಿಗೂ ಪ್ರಯೋಜನವಿಲ್ಲವೆಂದು ತಿಳಿದೂ ತಿದ್ದಿದ್ದಾರೆ. ಅದನ್ನು ಓದಿದ ದಿನ ಮತ್ತೇನೂ ಕೆಲಸ ಮಾಡಲಾಗಲಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ಬಾಗಿಲು ತಟ್ಟುವ ಕಾಲ. ಒಂದು ಗ್ರಂಥಾಲಯ ತಿಂಗಳುಗಳ ನಂತರ, ಬಿಡಿ ಹಾಳೆಗಳನ್ನು ಇಡಲು ತಮ್ಮಲ್ಲಿ ಜಾಗವಿಲ್ಲ, ಬೈಂಡ್ ಮಾಡಿಸಿ ಕೊಟ್ಟರೆ ನೋಡಬಹುದು ಎಂದು ಬರೆಯಿತು. ಬೈಂಡಿಂಗ್ ಮಾಡಿಸಿದರೆ ಅಂಚು ಕತ್ತರಿಸುತ್ತಾರೆ, ಅಂಚಿನಲ್ಲಿಯೇ ಮಾವನವರ ಬರಹವಿದೆ. ಆಗುವುದಿಲ್ಲ ಎಂದು ಉತ್ತರಿಸಿದೆ. ಇನ್ನೊಂದು ಸಂಸ್ಥೆ ಸ್ಕ್ಯಾನ್ ಮಾಡಿ ಕೊಡಿ, ಮೂಲ ಪ್ರತಿಗಳು ಬೇಡ ಎಂದಿತು. ಮತ್ತೊಂದೆಡೆ ಫೋನಿನಲ್ಲಿ ಮಾತನಾಡಿದ ಅಧಿಕಾರಿ, “ಮೇಡಂ, ಉದಯ ಶಂಕರ್, ರಾಮ್ ಗೋಪಾಲ್ ಇದ್ದದ್ದು ಮಾತ್ರ ಕಳಿಸಿ, ಅರಂಗೇಟ್ರಂ ಎಲ್ಲ ನೀವೇ ಇಟ್ಟುಕೊಳ್ಳಿ” ಎಂದರು. ಹಳೆಯ ಕಾಗದ ಮಾರುವ ವ್ಯಾಪಾರಿಯೊಬ್ಬರು ಮನೆಗೇ ಬಂದು, ಬಣ್ಣದ ಮುಖಪುಟವಿರುವ ಮೂವತ್ತು ನಲವತ್ತು ಪುಸ್ತಿಕೆಗಳನ್ನು ಆರಿಸಿಟ್ಟು, ನಗದು ಎಣಿಸಲು ಸಿದ್ಧರಾದರು. ಡಿಯಾಘಿಲೆಫ್‌ನ ಬ್ಯಾಲೆ ರೂಸ್ ಎಂಬ ಪ್ರಸಿದ್ಧ ರಷ್ಯನ್ ತಂಡಕ್ಕೆ ಚಿತ್ರಕಾರ ಬಾಕ್ಸ್ಟ್ ಚಿತ್ರಿಸಿದ ಮುಖಪುಟಗಳಿಗೆ ಯುರೋಪಿನಲ್ಲಿ ಬೆಲೆಯಿರುವುದನ್ನು ತಿಳಿದ ಅವರು ಮೊದಲು ಕೇಳಿದ್ದೂ ಅಂಥವು ಇವೆಯೇ ಎಂದೇ. ನಮ್ಮಲ್ಲಿ ಒಂದೂ ಇರಲಿಲ್ಲ. ಬಾಡಿಗೆ ಮನೆಯ ಖರ್ಚಿನ ನಡುವೆ ಆ ಹಣ ನಮಗೆ ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ. ಆದರೂ ಸಂಗ್ರಹವನ್ನು ಒಡೆಯಲು ಒಪ್ಪಬೇಡಿ ಎಂದೇ ನಾನು ಹೇಳುವುದು. ಪ್ರಸಿದ್ಧರ ಪುಸ್ತಿಕೆಗಳು ಬೇರೆ ಕಡೆಯೂ ಸಿಗುತ್ತವೆ. ಮಾಟುಂಗಾದ ಹುಡುಗಿಯೊಬ್ಬಳ 1950ರ ದಶಕದ ಅರಂಗೇಟ್ರಂ ಪತ್ರಿಕೆಯ ಪ್ರತಿ ಲೋಕದಲ್ಲಿ ಬಹುಶಃ ಅದೊಂದೇ.

ಮನಸ್ಸು ಕುಗ್ಗಿದ ಆ ದಿನಗಳಲ್ಲಿ ಧೈರ್ಯ ಕೊಟ್ಟದ್ದು ಬೇರೆ ದೇಶಗಳ ಉದಾಹರಣೆಗಳು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನ ರಂಗಭೂಮಿ ಸಂಗ್ರಹಕ್ಕೆ ಬುನಾದಿ, ಗೇಬ್ರಿಯೆಲ್ ಎಂಥೋವನ್ ಎಂಬ ಮಹಿಳೆ ವರ್ಷಗಟ್ಟಲೆ ಬೆನ್ನುಬಿದ್ದು 1924ರಲ್ಲಿ ಒಪ್ಪಿಸಿದ ಸ್ವಂತ ಸಂಗ್ರಹ. ಅದರಲ್ಲಿದ್ದದ್ದೂ ಹೆಚ್ಚಾಗಿ ಇಂತಹ ಪ್ರದರ್ಶನ ಪತ್ರಿಕೆಗಳೇ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 1944ರಲ್ಲಿಯೇ ನೃತ್ಯಕ್ಕೆಂದು ಪ್ರತ್ಯೇಕ ಸಂಗ್ರಹ ಆರಂಭಿಸಿತು, ಇಂದು ಅದು ನೃತ್ಯ ಸಂಯೋಜಕ ಜೆರೋಮ್ ರಾಬಿನ್ಸ್ ಹೆಸರಿನಲ್ಲಿದೆ. ಕಥಕ್ ನರ್ತಕಿ ಮೇನಕಾ 1936ರಿಂದ ಯುರೋಪಿನಲ್ಲಿ ಮಾಡಿದ ಪ್ರವಾಸದ ಪುಸ್ತಿಕೆ, ಪತ್ರಿಕಾ ವರದಿಗಳನ್ನು ಜರ್ಮನಿಯ ಸಂಶೋಧಕರು ಹುಡುಕಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಖಂಡಾಲಾದಲ್ಲಿ ಶಾಲೆ ನಡೆಸಿದ ನಮ್ಮ ಮೇನಕಾರ ಚರಿತ್ರೆಗೆ ಜರ್ಮನ್ ಊರುಗಳ ಕಾರ್ಯಕ್ರಮ ಪತ್ರಿಕೆಗಳು ಆಧಾರವಾದವು ಎಂಬುದನ್ನು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ.

ಅನಿರೀಕ್ಷಿತ ತೊಡಕು ಎದುರಾದದ್ದು ಇಲ್ಲಿಯೇ. ವಿದೇಶದ ಒಂದು ಗ್ರಂಥಾಲಯ ಇಡೀ ಸಂಗ್ರಹವನ್ನು ತೆಗೆದುಕೊಳ್ಳಲು ಆಸಕ್ತಿ ತೋರಿತು, ಸಾಗಣೆ ಖರ್ಚನ್ನೂ ತಾನೇ ಕೊಡುವುದಾಗಿ ಹೇಳಿತು. ಮನೆಯವರೆಲ್ಲ ಹಿಗ್ಗಿದೆವು. ವಕೀಲರ ಬಳಿ ಹೋದಾಗ ಅವರು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯನ್ನು ಮುಂದಿಟ್ಟರು. ವಿಗ್ರಹ, ಚಿತ್ರಗಳಿಗೆ 100 ವರ್ಷ ತುಂಬಿರಬೇಕು. ಐತಿಹಾಸಿಕ, ಸಾಹಿತ್ಯಕ ಅಥವಾ ಕಲಾತ್ಮಕ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷವೇ ಸಾಕು. ಪ್ರಾಚ್ಯವಸ್ತುವೆಂದು ಪರಿಗಣಿತವಾದದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತೆಯೇ ಇಲ್ಲ. ನಮ್ಮ 1940ರ ದಶಕದ ಪುಸ್ತಿಕೆಗಳು 75 ದಾಟಿದ್ದವು. ಅವುಗಳನ್ನು ದಾಖಲೆಯೆನ್ನಬೇಕೋ ಬೇಡವೋ ಎಂಬುದನ್ನು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ತೀರ್ಮಾನ ಮಾಡಿಸಿಕೊಳ್ಳದೆ ಕಳಿಸುವುದು ಕ್ಷೇಮವಲ್ಲ ಎಂದು ವಕೀಲರು ಎಚ್ಚರಿಸಿದರು. ಹಳೆಯವನ್ನು ಇಲ್ಲಿ ಉಳಿಸಿಕೊಂಡು ಹೊಸವನ್ನು ಮಾತ್ರ ಕಳಿಸಿದರೆ ಸಂಗ್ರಹ ಒಡೆದಂತೆಯೇ. ಆ ದಾರಿಯನ್ನು ಕೈಬಿಟ್ಟೆವು, ಮತ್ತು ಈಗ ಯೋಚಿಸಿದರೆ ಈ ನಗರದ ನೃತ್ಯದ ದಾಖಲೆ ಈ ನಗರದಲ್ಲಿಯೇ ಉಳಿದದ್ದು ನನಗೆ ಹೆಚ್ಚು ಸಮಾಧಾನದ ಸಂಗತಿ.

ಕೊನೆಗೆ ದಕ್ಷಿಣ ಮುಂಬಯಿಯ ಒಂದು ಸಂಸ್ಥೆ ಪಟ್ಟಿಯನ್ನು ಓದಿ, ತನ್ನ ಪತ್ರಾಗಾರ ತಜ್ಞೆಯನ್ನು ಮನೆಗೆ ಕಳುಹಿಸಿತು. ಆಕೆ ಕೈತೊಳೆದು, ಒರೆಸಿಕೊಂಡು, ಒಂದೊಂದೇ ಕಟ್ಟು ಬಿಚ್ಚಿ ನೋಡಿದ ರೀತಿಯಲ್ಲಿಯೇ ನನಗೆ ನಂಬಿಕೆ ಬಂತು. ಬೂಷ್ಟು ಹಿಡಿದವನ್ನು ಬೇರೆ ಚೀಲಕ್ಕೆ ಹಾಕಿಸಿದರು, ಎರಡು ಪ್ರತಿಗಳಿದ್ದವನ್ನು ಗುರುತು ಹಾಕಿದರು. ಒಪ್ಪಿಗೆ ಬರಲು ಅವರ ಸಮಿತಿ ಸೇರಬೇಕಿತ್ತು. ಸಮಿತಿ ಸೇರುವುದು ವರ್ಷಕ್ಕೆ ಕೆಲವೇ ಸಲ. ಆ ಕಾಯುವಿಕೆ ನನ್ನನ್ನು ಹಣ್ಣು ಮಾಡಿತು, ಮಳೆಗಾಲವಂತೂ ಮತ್ತೆ ಬಂದೇಬಿಟ್ಟಿತು.

ಒಪ್ಪಿಗೆ ಸಿಕ್ಕ ಮೇಲೆ ಕಾಗದಪತ್ರಗಳ ಸರದಿ. ಮಾವನವರು ವಿಲ್ ಬರೆದಿರಲಿಲ್ಲ. ಹಾಗಾಗಿ ಅವರ ಮೂವರು ಮಕ್ಕಳೂ ವಾರಸುದಾರರು: ನನ್ನ ಯಜಮಾನರು, ಪುಣೆಯಲ್ಲಿರುವ ನಾದಿನಿ, ಮಸ್ಕತ್ತಿನಲ್ಲಿರುವ ಮೈದುನ. ಮಾವನವರ ಮರಣ ಪ್ರಮಾಣಪತ್ರ, ಅತ್ತೆಯವರ ಮರಣ ಪ್ರಮಾಣಪತ್ರ, ಮೂವರ ಗುರುತಿನ ಚೀಟಿ, ಆಕ್ಷೇಪಣೆ ಇಲ್ಲವೆಂಬ ಪತ್ರಗಳು, ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಿದ ದಾನಪತ್ರ, ಇಷ್ಟು ಬೇಕಾಯಿತು. ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರಿನಿಂದ ಹಳೆಯ 100 ರೂಪಾಯಿಯ ಸ್ಟಾಂಪ್ ಪೇಪರಿನ ಜಾಗದಲ್ಲಿ 500 ರೂಪಾಯಿಯದು ಬಂದಿದೆ. ಹಳೆಯ ಮಾಹಿತಿ ನಂಬಿ ಹೋಗಬೇಡಿ. ಮೈದುನನ ಸಹಿ ಮಸ್ಕತ್ತಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣವಾಗಿ ಬರಬೇಕಾಯಿತು, ಹೆಚ್ಚು ತಡವಾದದ್ದು ಅದರಿಂದ. ಮನೆಯ ಹಿರಿಯರು ಇನ್ನೂ ಇದ್ದರೆ, ದಯವಿಟ್ಟು ಒಂದು ಸಾಲಿನ ಬರಹವನ್ನಾದರೂ ಅವರಿಂದಲೇ ಬರೆಸಿಟ್ಟುಕೊಳ್ಳಿ.

ನಾದಿನಿಯ ಕಣ್ಣು ಒದ್ದೆಯಾದದ್ದು ಪುಣೆಯಲ್ಲಿ ಸಹಿ ಹಾಕುವಾಗ. “ಅತ್ತಿಗೆ, ಅಪ್ಪನ ಅಕ್ಷರ ಇರುವ ಒಂದನ್ನಾದರೂ ನಾನು ಇಟ್ಟುಕೊಳ್ಳಲೇ?” ಎಂದಳು. ಎರಡು ಪ್ರತಿಗಳಿದ್ದ ಒಂದು ಪುಸ್ತಿಕೆಯಲ್ಲಿ, ಅದೃಷ್ಟಕ್ಕೆ, ಎರಡರಲ್ಲಿಯೂ ಮಾವನವರ ಬರಹವಿತ್ತು. ಒಂದನ್ನು ಪಟ್ಟಿಯಿಂದ ತೆಗೆದು ಅವಳಿಗೆ ಕೊಟ್ಟೆವು, ಕೊಟ್ಟದ್ದನ್ನು ಪಟ್ಟಿಯಲ್ಲಿ ನಮೂದಿಸಿದೆವು. ದಾನಪತ್ರಕ್ಕೆ ಸಹಿ ಹಾಕುವ ಮೊದಲೇ ಇಂತಹ ಆಸೆಗಳನ್ನು ಮನೆಯವರಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ಒಪ್ಪಿಸಿದ ಮೇಲೆ ವಾಪಸು ಕೇಳುವ ಹಕ್ಕಿಲ್ಲ.

ಹಕ್ಕುಸ್ವಾಮ್ಯದ ಕಲಮನ್ನು ನಿಧಾನವಾಗಿ ಓದಿ. ಕಾಗದ ನಮ್ಮದಾದ ಮಾತ್ರಕ್ಕೆ ಅದರಲ್ಲಿನ ಲೇಖನ, ಛಾಯಾಚಿತ್ರಗಳ ಹಕ್ಕು ನಮ್ಮದಲ್ಲ. ಭಾರತದ ಕಾನೂನಿನಲ್ಲಿ ಲೇಖಕರ ಹೆಸರಿಲ್ಲದ ಬರಹಕ್ಕೆ ಪ್ರಕಟವಾದಂದಿನಿಂದ 60 ವರ್ಷ, ಹೆಸರಿರುವ ಬರಹಕ್ಕೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕಿರುತ್ತದೆ. ಛಾಯಾಚಿತ್ರಕ್ಕೆ ಹಿಂದೆ ಪ್ರಕಟವಾದಂದಿನಿಂದ 60 ವರ್ಷವಿತ್ತು, 2012ರ ತಿದ್ದುಪಡಿಯಿಂದ ಅದಕ್ಕೂ ಛಾಯಾಗ್ರಾಹಕರು ತೀರಿಕೊಂಡ ಮೇಲೆ 60 ವರ್ಷ. ಆದ್ದರಿಂದ ‘ಎಲ್ಲ ಹಕ್ಕುಗಳನ್ನೂ ವರ್ಗಾಯಿಸುತ್ತೇವೆ’ ಎಂಬ ಸಾಲಿಗೆ ನಾವು ಸಹಿ ಹಾಕಲಾಗದು. ‘ನಮ್ಮಲ್ಲಿರುವ ಹಕ್ಕುಗಳ ಮಟ್ಟಿಗೆ’ ಎಂದು ಸೇರಿಸಬೇಕು. ಮಾವನವರ ಅಂಚಿನ ಬರಹ ಮಾತ್ರ ನಿಜಕ್ಕೂ ನಮ್ಮ ಕುಟುಂಬದ್ದು. ಸಂಶೋಧನೆಗೆ ಯಾರೂ ಬಳಸಬಹುದು, ಅವರ ಹೆಸರು ಹೇಳಬೇಕು ಎಂದು ಬರೆಸಿದೆವು. ಜೊತೆಗೆ, ಸಂಗ್ರಹ ಅವರ ಹೆಸರಿನಲ್ಲಿ ಒಟ್ಟಿಗೇ ಇರಬೇಕು, ಮುಂದೊಂದು ದಿನ ಸಂಸ್ಥೆಗೆ ಬೇಡವಾದರೆ ಮಾರದೆ ಮತ್ತೊಂದು ಸಾರ್ವಜನಿಕ ಪತ್ರಾಗಾರಕ್ಕೆ ಕೊಡಬೇಕು ಎಂಬ ಎರಡು ಕಲಮುಗಳನ್ನು ಕೇಳಿ ಹಾಕಿಸಿಕೊಂಡೆವು. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಅವರ ಮಾದರಿ ಪತ್ರದಲ್ಲಿ ಅವು ಇರುವುದಿಲ್ಲ. ವಸ್ತುರೂಪದ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂಬುದೂ ಗೊತ್ತಿರಲಿ.

ಸಂಸ್ಥೆಯಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಅಂಚಿನ ಬರಹಗಳನ್ನೆಲ್ಲ ಭೂತಕನ್ನಡಿ ಹಿಡಿದು ಓದಿ, ಟೈಪ್ ಮಾಡಿ, ಇಂಗ್ಲಿಷಿನಲ್ಲಿ ಸಾರಾಂಶ ಬರೆದು ಕೊಡುವ ಕೆಲಸವನ್ನು ನಾನೇ ಹೊತ್ತೆ. ಕುಂದಾಪುರದ ಮಾತುಗಳು ಬಂದಲ್ಲಿ ಮಾವನವರ ಊರಿನ ಹಿರಿಯರಿಗೆ ಫೋನು ಮಾಡಿ ಕೇಳಿದೆ. ನಾಲ್ಕು ದಶಕ ಒಬ್ಬನೇ ಪ್ರೇಕ್ಷಕ, ಒಂದೇ ಕೈಬರಹದಲ್ಲಿ, ಮುಂಬಯಿಯ ವೇದಿಕೆಯನ್ನು ಕನ್ನಡದಲ್ಲಿ ನೋಡಿ ಬರೆದದ್ದು ಇದು. ನನ್ನ ಮಟ್ಟಿಗೆ ಸಂಗ್ರಹದ ತಿರುಳು ಇಲ್ಲಿದೆ. ಬೆಂಗಳೂರು, ಮುಂಬಯಿ, ಉಡುಪಿಯ ಸಂಶೋಧಕರು ಇದನ್ನು ಬಂದು ಓದಬೇಕೆಂಬುದು ನನ್ನ ಆಸೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಆಮ್ಲರಹಿತ ರಟ್ಟಿನ ಪೆಟ್ಟಿಗೆ, ಫೋಲ್ಡರು, ತೀರ ಮೆತುವಾದವಕ್ಕೆ ಪಾಲಿಯೆಸ್ಟರ್ ಹೊದಿಕೆ, ಕಟ್ಟಲು ಹತ್ತಿಯ ಪಟ್ಟಿ, ನೋಟರಿ, ವಕೀಲರ ಸಲಹೆ, ದೂತಾವಾಸದ ಶುಲ್ಕ, ಸಾಗಿಸಲು ಟೆಂಪೊ, ಎಲ್ಲ ಸೇರಿ ಸುಮಾರು 30,000 ರೂಪಾಯಿ ನಮ್ಮ ಕೈಯಿಂದ ಹೋಯಿತು. ಸ್ಟೇಷನರಿ ಅಂಗಡಿಯ ಅಗ್ಗದ ಪಿವಿಸಿ ಹೊದಿಕೆಗಳನ್ನು ಕೊಳ್ಳಬೇಡಿ, ಅವು ಕಾಲಕ್ರಮದಲ್ಲಿ ಅಂಟಂಟಾಗಿ ಅಚ್ಚಿನ ಮಸಿಯನ್ನು ಎಳೆದುಕೊಳ್ಳುತ್ತವೆ. ಕೆಲವು ಸಂಸ್ಥೆಗಳು ಪೆಟ್ಟಿಗೆಗಳನ್ನು ತಾವೇ ಕೊಡುತ್ತವೆ, ಕೊಳ್ಳುವ ಮೊದಲು ಕೇಳಿ.

ಒಪ್ಪಿಸುವ ದಿನ ಟೆಂಪೊ ಜೊತೆಯಲ್ಲಿಯೇ ಹೋಗಿ, ಪಟ್ಟಿಯನ್ನು ಹಿಡಿದು ಕಟ್ಟುಕಟ್ಟಾಗಿ ಎಣಿಸಿ ಕೊಟ್ಟು, ಪುಟಪುಟಕ್ಕೂ ಇಬ್ಬರ ಸಹಿ ಹಾಕಿಸಿಕೊಂಡು ಬಂದೆವು. ಪೆಟ್ಟಿಗೆಗಳು ನೇರವಾಗಿ ಕಪಾಟಿಗೆ ಹೋಗುವುದಿಲ್ಲ. ಹುಳು, ಬೂಷ್ಟು ಇತರ ಸಂಗ್ರಹಗಳಿಗೆ ಹರಡದಂತೆ ಮೊದಲು ಬೇರೆ ಕೋಣೆಯಲ್ಲಿಟ್ಟು ಪರೀಕ್ಷಿಸುತ್ತಾರೆ, ಆಮೇಲೆ ಶುಚಿಗೊಳಿಸುತ್ತಾರೆ. ಸ್ಕ್ಯಾನಿಂಗ್ ಅದಕ್ಕೂ ನಂತರ. ಆದ್ದರಿಂದ ಕೊಟ್ಟ ಮರುವಾರವೇ ಓದುಗರಿಗೆ ಸಿಗುತ್ತದೆಂದು ನೆಂಟರಿಷ್ಟರಿಗೆ ಹೇಳಬೇಡಿ. ಸಂಗ್ರಹಕ್ಕೆ ಒಂದು ನೋಂದಣಿ ಸಂಖ್ಯೆ ಕೊಡುತ್ತಾರೆ, ಅದು ಲಿಖಿತವಾಗಿ ಕೈಗೆ ಬರುವವರೆಗೆ ಬೆನ್ನು ಬಿಡಬಾರದು. ಮುಂದೆ ಯಾರೇ ಈ ಪುಸ್ತಿಕೆಗಳನ್ನು ನೋಡಬೇಕೆಂದರೂ, ನಮ್ಮ ಮಕ್ಕಳೇ ಹೋಗಿ ಕೇಳಿದರೂ, ಅಲ್ಲಿ ಹೇಳಬೇಕಾದದ್ದು ಆ ಸಂಖ್ಯೆಯನ್ನೇ. ನಮಗೆ ಅದು ಕಳೆದ ವಾರ ಬಂದಿತು. ಪಟ್ಟಿಯ ಒಂದು ಪ್ರತಿ, ದಾನಪತ್ರದ ಒಂದು ಪ್ರತಿ ಮತ್ತು ಆ ಪತ್ರ ಈಗ ಮನೆಯ ಇತರ ಮುಖ್ಯ ಕಾಗದಗಳ ಫೈಲಿನಲ್ಲಿವೆ, ಇನ್ನೊಂದು ಜೊತೆ ಪ್ರತಿ ಪುಣೆಯ ನಾದಿನಿಯ ಬಳಿ ಇದೆ.